ದಾರ ಕಡಿಯೋ ಜಾಗ

...ಹುಳ, ಅಣ್ಣಾ, ಹುಳ! ನಿನ್ನೆ ಮೈದಾನದಲ್ಲಿ ಹಾಡಿದ ಆ ಗಾಯಕನ ಬಾಯೊಳಗೆ ಹುಳ ಹೋಯ್ತು, ಅದಕ್ಕೇ ಹಾಡು ನಿಂತಿದ್ದು. ಅಷ್ಟೇ ಕಥೆ! ಎರಡನೇ ಚರಣದ ಮೊದಲ ಸಾಲು ಮುಗೀತು, ಮುಂದಿನ ಸಾಲಿಗೆ ಬಾಯಿ ತೆಗೆದ, ಲೈಟಿಗೆ ಮುತ್ತಿದ್ದ ಹುಳಗಳಲ್ಲಿ ಒಂದು ಸೀದಾ ಒಳಗೆ! ಅವನು ಗಂಟಲಲ್ಲಿ ಸಿಕ್ಕಿದ್ದನ್ನ ನುಂಗ್ತಾ ನಿಂತಿದಾನೆ, ಕೆಳಗೆ ಜನ ಕಣ್ಣು ಒರೆಸ್ಕೊಳ್ತಾ ಇದಾರೆ. 'ಆಹಾ, ಏನು ಮೌನ! ಆ ಮೌನಕ್ಕೆ ಸತ್ತೇಹೋದೆ!' ಥೂ... ಯಾಕೆ ನಗ್ತೀಯ? ಬಾಯಲ್ಲಿ ಗುಂಡುಪಿನ್ನು ಕಚ್ಕೊಂಡು ನಗಬೇಡ ಅಂತ ಎಷ್ಟು ಸಲ ಹೇಳೋದು? ನೀನೊಂದು ನುಂಗು, ನಿನಗೂ ಚಪ್ಪಾಳೆ ಬೀಳುತ್ತೆ. 'ಟೈಲರ್ ಏನು ಮೌನ!' ಅಂತ.

ಹೂಂ, ಕೈ ಎತ್ತಿದೀನಿ, ಪಿನ್ನು ಚುಚ್ಚಿ ನೋಡ್ಕೋ ಕೋಟಿನ ಅಳತೆ. ಎದೆ ಹತ್ರ ಬಿಗಿ ಹಿಡೀಬೇಡ. ನಮ್ಮೂರಲ್ಲಿ ತುಂಬಿದ ಚೀಲ ಎರಡೆರಡು ಹೊತ್ತ ಎದೆ ಇದು, ನಿಮ್ಮ ಪೇಟೆ ಹುಡುಗರ ಹಪ್ಪಳದಂಥ ಎದೆ ಅಲ್ಲ. ಅದಕ್ಕೇ ಅಲ್ವಾ ನನ್ನ ಅಂಗಿಗೆ ಗುಂಡಿ ನಿಲ್ಲಲ್ಲ ಅಂತ ವಾರ ವಾರ ನಿನ್ನ ಅಂಗಡಿಗೆ ಓಡಿಬರೋದು! ಮತ್ತೆ ಮೇಲ್ಜೇಬು ಬಲಗಡೆ, ಮರೀಬೇಡ. ನಾನು ಎಡಚ. ಇಡೀ ಊರಲ್ಲಿ ಬಲಗಡೆ ಜೇಬು ಇರೋನು ನಾನೊಬ್ಬನೇ, ಹೊಲಿಯೋನು ನೀನೊಬ್ಬನೇ. ಮದುವೆ ದಿನ ಈ ಕೋಟು ಹಾಕ್ಕೊಂಡು ಬಾಗಿಲಲ್ಲಿ ನಿಂತೆ ಅಂದ್ರೆ, ಬಂದವರು ನನ್ನನ್ನೇ ಮದುಮಗ ಅಂದ್ಕೋಬೇಕು... ತಮಾಷೆಗಪ್ಪಾ. ತಮಾಷೆ. ಲೈಟ್ ಕಟ್ಟೋ ಕೆಲಸ ಪೂರ್ತಿ ನಂದೇ, ಯಾರಿಗೂ ಬಿಡಲ್ಲ. ನಮ್ಮ... ನಿನ್ನ ತಂಗಿ ಮದುವೆ ಅಂದ್ರೆ ಸುಮ್ನೆನಾ?

ಒಳಗೆ, ಪರದೆ ಹಿಂದೆ, ಮಷೀನು ಓಡಿದ್ದೇ ಓಡಿದ್ದು, ಬೆಳಗಿಂದ ಎದ್ದಿಲ್ಲ ಅನ್ಸುತ್ತೆ ಅವಳು. ತನ್ನ ಮದುವೆ ಬಟ್ಟೆ ತಾನೇ ಹೊಲ್ಕೊಳ್ಳೋ ಹುಡುಗಿ ಎಲ್ಲಾದ್ರೂ ಉಂಟಾ... ಹೋಗ್ಲಿ ಬಿಡು. ಆ ಗದ್ದಲದಲ್ಲಿ ನಮ್ಮ ಮಾತು ಕೇಳ್ಸಲ್ಲ, ಒಳ್ಳೇದೇ ಆಯ್ತು.

ಏನು ಹೇಳ್ತಿದ್ದೆ? ಹಾಂ, ಜನ! ಜನಾನಾ ಅವು? ನಿನ್ನೆ ಸಂಜೆ ಮೈದಾನದಲ್ಲಿ ಕಂಬ ಹತ್ತಿ ದೀಪ ಕಟ್ಟಿದೋನು ನಾನು, ಮೇಲಿಂದ ಎಲ್ಲ ನೋಡಿದೀನಿ. ಆ ಹುಡುಗ ತಲೆಕೂದಲು ಮುಖದ ಮೇಲೆ ಇಳಿಬಿಟ್ಕೊಂಡು, ಗಿಟಾರು ತಬ್ಕೊಂಡು, 'ನಮ್ಮ ಅಪ್ಪ ಅಮ್ಮನ ಕಾಲದ ಪ್ರೇಮಗೀತೆ, ನನ್ನ ರೀತಿಯಲ್ಲಿ' ಅಂದ. ಅಂದಿದ್ದೇ ತಡ, ಕಿರುಚಾಟ! ಇನ್ನೂ ಹಾಡೇ ಶುರುವಾಗಿಲ್ಲ ಕಣಣ್ಣಾ! ಒಬ್ಬಳು ಫೋನನ್ನ ತನ್ನ ಮುಖಕ್ಕೇ ಹಿಡ್ಕೊಂಡು ಅಳೋಕೆ ರೆಡಿಯಾಗ್ತಿದಾಳೆ. ಕಣ್ಣೀರು ಬರ್ತಿಲ್ಲ. ಉಜ್ಜಿದಳು, ಉಜ್ಜಿದಳು... ಬಂತು! ತಕ್ಷಣ ಮೂತಿ ಸೊಟ್ಟ ಮಾಡಿ ವಿಡಿಯೋ. ಪಕ್ಕದಲ್ಲಿ ಒಬ್ಬ ದಾಂಡಿಗ ಅಂಗಿ ಬಿಚ್ಚಿ ಗಿರಗಿರ ತಿರುಗಿಸ್ತಾನೆ, ಅವನ ಬೆವರು ಹಿಂದಿನವರ ಬಾಯಿಗೆ ಸಿಡೀತಾ ಇದೆ, ಅವರು ಅದೇ ಬಾಯಲ್ಲಿ ಹಾಡ್ತಾ ಇದಾರೆ! ಹೇಸಿಗೆ! ಕೊಟ್ಟಿಗೆ ಬಾಚಿ ಬೆಳೆದೋನಿಗೆ ಯಾವತ್ತೂ ಬರದ ವಾಕರಿಕೆ ನಿನ್ನೆ ಬಂತು ಅಂದ್ರೆ ಲೆಕ್ಕ ಹಾಕ್ಕೋ.

ಆಮೇಲೆ ಫೋನಲ್ಲಿ ಬರೆದಿದ್ದು ಓದ್ತೀನಿ ಕೇಳು. 'ಮೂಲ ಹಾಡಿಗಿಂತ ನೂರು ಪಾಲು ವಾಸಿ.' ನಾಲಿಗೆ ಬಿದ್ದುಹೋಗ! 'ನನ್ನ ಶವಯಾತ್ರೆಗೂ ಇದೇ ಹಾಕಿ.' ಹಾಕ್ತಾರೆ ಇರಪ್ಪ, ಅವಸರ ಏನು? 'ಆ ಮೌನದಲ್ಲಿ ನನ್ನ ಇಡೀ ಬದುಕು ಕಂಡೆ.' ಕಂಡಿದ್ದು ಹುಳ ಕಣೋ! ರೆಕ್ಕೆ ಇರೋ ಹುಳ! ಕತ್ತೆಗೆ ಕಸ್ತೂರಿ ಕೊಟ್ರೆ ಇನ್ನೇನಾಗುತ್ತೆ?

ಇದ್ದಿದ್ರಲ್ಲಿ ತಮಾಷೆ ಅಂದ್ರೆ ಇವನು. ಬಗ್ಗಿ ಈ ವಿಡಿಯೋ ನೋಡು. ಮುಂದಿನ ಸಾಲಲ್ಲಿ ಬೇಲಿ ಹಿಡ್ಕೊಂಡು ನಿಂತಿದಾನಲ್ಲ, ಹಸಿರು ಚೌಕಳಿ ಅಂಗಿ. ಹಾಡು ನಿಲ್ತು ನೋಡು... ಈಗ! ಎರಡೂ ಕೈಯಲ್ಲಿ ಮುಖ ಮುಚ್ಕೊಂಡ. ಭುಜ ಕುಣೀತಾ ಇದೆ. ಕರು ಕಳ್ಕೊಂಡ ಎಮ್ಮೆ! ಎಲ್ಲರ ಫೋನಲ್ಲೂ ಇವನೇ ಈಗ. 'ಅಳುವ ಅಭಿಮಾನಿ' ಅಂತ ಹೆಸರು ಬೇರೆ ಇಟ್ಟಿದಾರೆ. ಗಂಡಸಾ ಇವನು? ನಾನಾಗಿದ್ರೆ ಅಂಥಾ ಕಡೆ ಒಂದು ಹನಿ... ಕಂಬದಿಂದ ಬಿದ್ದು ಮೊಣಕೈ ಮುರೀತಲ್ಲ, ಆಗ್ಲೂ ಅತ್ತೋನಲ್ಲ ನಾನು.

ಸಾಕು, ಕೊಡು ಫೋನು... ಇನ್ನೊಂದ್ಸಲನಾ? ಏನಿದೆ ಅದ್ರಲ್ಲಿ ನೋಡೋಕೆ? ಹಿಗ್ಗಿಸಿ ಬೇರೆ ನೋಡ್ತೀಯಲ್ಲ!

ಹುಬ್ಬು ಯಾಕೆ ಏರ್ತು? ನಾನು ಎಲ್ಲಿದ್ದೆ ಅಂತಾನಾ? ಜನರೇಟರ್ ಹತ್ರ ಇದ್ದೆ, ವೇದಿಕೆ ಹಿಂದೆ. ಪೂರ್ತಿ ಹೊತ್ತು ಅಲ್ಲೇ... ಹಾಂ, ಕಂಬದ ಮೇಲೂ ಇದ್ದೆ. ಮೊದಲು ಕಂಬ, ಆಮೇಲೆ ಜನರೇಟರ್. ಹುಳ ಹೆಂಗೆ ಕಾಣ್ತು ಅಂದ್ರೆ? ನನ್ನ ಕಣ್ಣು ಹದ್ದಿನ ಕಣ್ಣು, ನಿಂಗೊತ್ತಲ್ಲ. ಹಿಂದಿಂದನೂ ಕಾಣುತ್ತೆ. ಹಂಗೆ ನೋಡಬೇಡ ಮಾರಾಯ, ನಾನೇನು ಕುಂಬಳಕಾಯಿ ಕದ್ದಿಲ್ಲ ಹೆಗಲು ಮುಟ್ಟಿ ನೋಡ್ಕೊಳ್ಳೋಕೆ.

ನನಗೆ ಸಿಟ್ಟು ಬಂದಿದ್ದು ಬೇರೇದಕ್ಕೆ. ಹುಳಾನೇ ಹೋಗ್ಲಿ, ಹಾವೇ ಹೋಗ್ಲಿ, ಆ ಜಾಗದಲ್ಲಿ ನಿಲ್ಲೋಕೆ ಅವನು ಯಾರು? ಎಲ್ಲಾದ್ರೂ ನಿಲ್ಲಲಿ, ಪಲ್ಲವಿಯಲ್ಲಿ ನಿಲ್ಲಲಿ, ಬಿದ್ದು ಸಾಯಲಿ. ಆದ್ರೆ ಅಲ್ಲಿ ನಿಲ್ಲಬಾರದಿತ್ತು. ಆ ಹಾಡನ್ನ ನಿಜವಾಗಿ ಗೊತ್ತಿರೋರು ಮಾತ್ರ ಅಲ್ಲಿ ನಿಲ್ಲಿಸಬೇಕು. ಮೂಲದಲ್ಲೇ ಇದೆಯಲ್ಲ ಅದು! ಮೊದಲ ಸಾಲು ಆದ್ಮೇಲೆ ಒಂಚೂರು ಬಿಡ್ತಾರಲ್ಲ... ಇಲ್ವಾ? ಯಾಕೆ ತಲೆ ಆಡಿಸ್ತೀಯ? ಇದೆ ಅಂದ್ರೆ ಇದೆ! ಬೇಕಾದ್ರೆ ಹಾಕು ನಿನ್ನ ಹಳೇ ಟೇಪು. ಹಾಕು! ನನ್ನ ಕಿವಿ ಸುಳ್ಳು ಹೇಳಲ್ಲ. ನಮ್ಮೂರಲ್ಲಿ ಯಾರ ಎತ್ತಿನ ಗಂಟೆ ಅಂತ ಕಣ್ಣು ಮುಚ್ಕೊಂಡು ಹೇಳ್ತಿದ್ದೆ ನಾನು.

ಹಾಂ, ಬಂತು ನೋಡು. ಪಲ್ಲವಿ. ಆಹಾ... ಇದು ಹಾಡು! ಒದರಾಟ ಇಲ್ಲ, ಒದ್ದಾಟ ಇಲ್ಲ. ಮೊದಲನೇ ಚರಣ... ತಾಳು... ಈಗ ಎರಡನೇದು. ಮೊದಲ ಸಾಲು. ಈಗ ನಿಲ್ಲುತ್ತೆ ನೋಡು. ಈಗ...

...

ನಿಲ್ಲಲಿಲ್ಲ.

ಇನ್ನೊಂದ್ಸಲ ಹಾಕು. ಟೇಪು ಸವೆದುಹೋಗಿದೆ ಅನ್ಸುತ್ತೆ... ಇಲ್ಲ, ನಿಲ್ಲಲ್ಲ. ಸರಾಗವಾಗಿ ಹೋಗ್ಬಿಡ್ತು. ಇದೇನಿದು? ಇಷ್ಟು ವರ್ಷ ನಾನು ಕೇಳಿರೋದು ಹಂಗಲ್ವಲ್ಲ! ಅಲ್ಲಿ ನಿಲ್ಲುತ್ತೆ, ಅಣ್ಣಾ. ನಿಲ್ಲಿಸಿ, ತಲೆ ಬಗ್ಗಿಸಿ, ದಾರ ಹಲ್ಲಲ್ಲಿ ಕಟ್ ಅಂತ ಕಡಿದು, ಸೂಜಿ ಎತ್ತಿ ಬೆಳಕಿಗೆ ಹಿಡಿದು, ಆಮೇಲೆ ತಾನೇ ಎರಡನೇ ಸಾಲು...

...

ಏನಂದೆ ಅಂತಾನಾ? ನಾನೇನೂ ಅನ್ನಲಿಲ್ಲ. ದಾರ... ಹೌದು, ನೀನೂ ಕಡೀತೀಯಲ್ಲ ದಾರ! ಎಲ್ಲ ಟೈಲರ್‌ಗಳೂ ಕಡೀತಾರೆ. ನೀನು ಕತ್ತರೀಲಿ ಕತ್ತರಿಸ್ತೀಯಾ? ಯಾವಾಗ್ಲೂ? ...ನೀನು ಹಾಡಲ್ವಾ? ಹಾಡಲ್ಲ. ಸರಿ. ಬಾಯಲ್ಲಿ ಪಿನ್ನು.

ಅಂಗಿ ಯಾಕೆ ಹಿಡ್ಕೊಂಡೆ? ಗುಂಡಿ ಯಾಕೆ ಎಳೀತೀಯ? ಬಿಡಣ್ಣಾ! ...ಬರಲ್ಲ, ಹೌದು. ಗಟ್ಟಿಯಾಗೇ ಇದೆ. ಚೆನ್ನಾಗಿ ಹೊಲ್ದಿದಾ... ಹೊಲಿದಿದಾರೆ. ಆದ್ರೂ ನನ್ನ ಗುಂಡಿ ಉದುರುತ್ತೆ. ಎದೆ ಅಗಲ ಅಂದ್ನಲ್ಲ. ತಾನಾಗೇ ಉದುರುತ್ತೆ. ಯಾರು ಬೇಕಂತ ಕಿತ್ಕೊಂಡು ಬರ್ತಾರೆ ಹೇಳು? ಯಾವ ಮುಟ್ಠಾಳ ಬರೀ ಒಂದು ಗುಂಡಿ ಹಾಕಿಸ್ಕೊಳ್ಳೋಕೆ ಆ ಮೂಲೆ ಸ್ಟೂಲ್ ಮೇಲೆ ಮಧ್ಯಾಹ್ನವೆಲ್ಲ ಕೂತ್ಕೊಳ್ತಾನೆ?

ಮತ್ತೆ ಫೋನು ಯಾಕೆ ತಗೊಂಡೆ? ಏನು ತೋರಿಸ್ತಾ ಇದೀಯ? ಜೇಬಾ? ಆ ಅಳುಬುರುಕನ ಜೇಬು ಕಟ್ಕೊಂಡು ನನಗೇನು... ಬಲಗಡೆ ಇದೆ. ಹೌದು, ಇದೆ. ಅದು ವಿಡಿಯೋ ತಿರುವುಮುರುವು ಆಗಿರುತ್ತೆ, ಫೋನಲ್ಲಿ ಹಂಗಾಗುತ್ತೆ, ಎಡ ಬಲ ಆಗುತ್ತೆ, ಬಲ ಎಡ... ಹಿಂದಿನ ಬ್ಯಾನರಾ? ಅಕ್ಷರ ಸರಿಯಾಗೇ ಕಾಣ್ತಾ ಇವೆ. ಹೂಂ. ಸರಿಯಾಗೇ ಇವೆ.

ಏನಾದ್ರೂ ಅನ್ನು, ಅಣ್ಣಾ. ಬೈದುಬಿಡು. ಎರಡು ಬಾರಿಸು ಬೇಕಾದ್ರೆ, ನಿನಗೆ ಹಕ್ಕಿದೆ. ನನಗೆ ಅಲ್ಲಾಡೋಕೂ ಆಗಲ್ಲ, ಮೈ ತುಂಬ ಪಿನ್ನು ಚುಚ್ಚಿ ನಿಲ್ಸಿದೀಯ... ನಾನು ಏನೂ ಮಾಡಿಲ್ಲ. ಒಂದು ಮಾತು ಆಡಿಲ್ಲ. ಅವಳು ಹಾಡ್ತಿದ್ಲು, ನಾನು ಕೇಳ್ತಿದ್ದೆ, ಅಷ್ಟೇ. ಗುಂಡಿ ಆದ್ಮೇಲೆ ಎದ್ದು ಹೋಗ್ತಿದ್ದೆ. ನಿನ್ನೆ ಆ ನಾಯಿ ಸರಿಯಾಗಿ ಅಲ್ಲೇ ಬಾಯಿ ಮುಚ್ಕೊಂಡ, ಸಾವಿರಾರು ಜನ ಉಸಿರು ಹಿಡ್ಕೊಂಡ್ರು, ಎಲ್ಲ ಗಪ್‌ಚಿಪ್... ನನಗೆ ಕಟ್ ಅಂತ ಕೇಳಿಸ್ತು. ಕಿವಿ ಹತ್ರಾನೇ ಕೇಳಿಸ್ತು. ಇನ್ಮೇಲೆ ಯಾವತ್ತೂ ಕೇಳ್ಸಲ್ಲ ಅಂತನೂ ಆಗಲೇ... ಆ ಹೇಸಿಗೆ ಜನರ ಮಧ್ಯೆ, ಆ ಬೆವರು ನಾತದ ಮಧ್ಯೆ, ಅವರಿಗಿಂತ ಹೇಸಿಗೆಯಾಗಿ, ಮೂಗು ಬಾಯಿ ಒಂದು ಮಾಡ್ಕೊಂಡು... ಥೂ!

ಪಿನ್ನೆಲ್ಲ ಬಾಯಿಂದ ತೆಗೆದಿಟ್ಟೆಯಲ್ಲ. ಬಾಯಿ ಖಾಲಿ ಆಯ್ತಲ್ಲ. ಈಗಾದ್ರೂ ಮಾತಾಡಬಾರದಾ?

ಆ ಕಡೆ ಏನು ನೋಡ್ತೀಯ? ಪರದೆ ಕಡೆ?

ಅಣ್ಣಾ... ಒಳಗೆ ಮಷೀನು ಯಾವಾಗಿಂದ ನಿಂತಿದೆ?