ಮುಸುಕು ತೆಗೆದ ಕೋಲು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಹೊಳೆಯುವ ಈ ಗಾಲ್ಫ್ ಸೆಟ್ಟನ್ನು ದೊಡ್ಡ ಮನಸ್ಸಿನಿಂದ ಕೊಟ್ಟಿರುವ ಜವಳಿ ಅಂಗಡಿಯ ಯಜಮಾನರೇ, ಕ್ಲಬ್ಬಿನ ಸದಸ್ಯರೇ, ಕುರ್ಚಿ ಖಾಲಿಯಿದ್ದರೂ ಹಿಂದೆ ನಿಂತೇ ಇರುವ ಹುಲ್ಲು ಕತ್ತರಿಸುವ ಅಣ್ಣಂದಿರೇ, ಕಾಫಿ ಯಾವಾಗ ಬಂದೀತು ಎಂದು ಬಾಗಿಲ ಕಡೆಗೇ ಕಣ್ಣಿಟ್ಟಿರುವ ಸಭಿಕರೇ, ನಿಮಗೆಲ್ಲ ನನ್ನ ವಂದನೆ.

ನಾನು ಓದಿದ್ದು ಹೈಸ್ಕೂಲಿನವರೆಗೆ. ಆದರೆ ಮೈಕು ಕಂಡು ಹೆದರುವವಳಲ್ಲ. ಮಾತು ಉದ್ದವಾದರೆ ಚೀಟಿ ಕಳಿಸುತ್ತೇವೆ ಎಂದು ಕಾರ್ಯದರ್ಶಿಗಳು ಹೇಳಿದ್ದಾರೆ. ಧಾರಾಳವಾಗಿ ಕಳಿಸಲಿ. ಕನ್ನಡಕವನ್ನು ಮನೆಯಲ್ಲೇ ಬಿಟ್ಟು ಬಂದಿದ್ದೇನೆ.

ಇವತ್ತು ನನಗೆ ವಹಿಸಿರುವ ಕೆಲಸ ಸಣ್ಣದು. ಮುಂದಿನ ವಾರ ದೊಡ್ಡ ಪಂದ್ಯಕ್ಕೆ ಹೊರಟಿರುವ ಹುಡುಗಿಗೆ, ಅಂದರೆ ನನ್ನ ಮಗನ ಮಗಳಿಗೆ, ಈ ಹೊಸ ಸೆಟ್ಟನ್ನು ನಿಮ್ಮೆಲ್ಲರ ಪರವಾಗಿ ಕೊಡಬೇಕು. ಫೋಟೋ ತೆಗೆಯುವಾಗ ನಗಬೇಕು. ಕೊಡುತ್ತೇನೆ. ನಗುವ ವಿಷಯದಲ್ಲಿ ಮಾತು ಕೊಡಲಾರೆ.

ಆದರೆ ಕೊಡುವ ಮೊದಲು ಒಂದು ವ್ಯಾಜ್ಯ ತೀರಬೇಕು. ಈ ಸೆಟ್ಟಿನಲ್ಲಿ ಚೆಂಡನ್ನು ಗುಳಿಗೆ ಉರುಳಿಸುವ ಒಂದು ಗಿಡ್ಡ ಕೋಲಿದೆ, ನೀವು ಪಟರ್ ಎನ್ನುತ್ತೀರಿ. ಕನ್ನಡಿಯ ಹಾಗೆ ಮಿನುಗುತ್ತದೆ. ನನ್ನ ಅಂಗಡಿಯಿಂದ ತಂದ ಅಂಥದ್ದೇ ಇನ್ನೊಂದು ಪಕ್ಕದಲ್ಲಿದೆ. ಅದು ಬಾಣಲೆಯ ತಳದ ಹಾಗೆ ಕಪ್ಪು. ಚೀಲಕ್ಕೆ ಇಷ್ಟೇ ಕೋಲು ಎಂದು ಪಂದ್ಯದ ನಿಯಮವಿದೆ, ಹೊಸ ಸೆಟ್ಟು ಅದನ್ನು ಭರ್ತಿ ಮಾಡಿಬಿಟ್ಟಿದೆ. ಒಂದು ಒಳಗೆ ಹೋಗಬೇಕಾದರೆ ಒಂದು ಹೊರಗೆ ಬರಬೇಕು. ಹುಡುಗಿ ಯಾವುದನ್ನು ಒಯ್ಯಬೇಕು? ಇದು ನಮ್ಮ ಮನೆಯ ಊಟದ ಮೇಜಿನವರೆಗೂ ಬಂದ ಜಗಳ. ಇನ್ನೂ ತೀರ್ಮಾನವಾಗಿಲ್ಲ. ಈಗ ನಿಮ್ಮೆದುರಿಗೆ ಆಗಬೇಕು.

ಸಭಿಕರೇ, ಗೇಟಿನ ಪಕ್ಕದ ನನ್ನ ಗಾಲ್ಫ್ ಸಾಮಾನಿನ ಅಂಗಡಿಯನ್ನು ನೀವೆಲ್ಲ ಬಲ್ಲಿರಿ. ಅದನ್ನು ಹಾಕಿದವರು ನಮ್ಮ ಮಾವನವರು. ನೀವು ಕೈಯಲ್ಲಿ ಹಿಡಿಯುವುದಕ್ಕೂ ಕ್ಲಬ್ ಎನ್ನುತ್ತೀರಿ, ಈ ಕಟ್ಟಡಕ್ಕೂ ಕ್ಲಬ್ ಎನ್ನುತ್ತೀರಿ. ಮಾವನವರಿಗೆ ಅದು ಸರಿಬರುತ್ತಿರಲಿಲ್ಲ. "ಕ್ಲಬ್ಬು ಅಂದ್ರೆ ಕಟ್ಟಡ, ಕೋಲು ಅಂದ್ರೆ ಕೋಲು. ಕಟ್ಟಡಾನ ಎತ್ತಿ ಚೆಂಡು ಹೊಡಿಯೋಕಾಗುತ್ತೇನ್ರಯ್ಯಾ?" ಎನ್ನುತ್ತಿದ್ದರು. ಅಂದಿನಿಂದ ನಮ್ಮಲ್ಲಿ ಅದು ಕೋಲೇ.

ಅವರು ಮಾಡಿಟ್ಟ ಕಟ್ಟಳೆ ಎರಡು. ಮೊದಲನೆಯದು ಮುಸುಕು. ಗಿರಾಕಿ ಕೋಲು ಆರಿಸುವಾಗ ಅದರ ತಲೆಗೆ ಬಟ್ಟೆಯ ಮುಸುಕು ಹಾಕುತ್ತೇವೆ. ಚೆಂಡಿಗೆ ತಾಗುವ ಮುಖ ಮಾತ್ರ ಬಯಲು. ಕಂಪನಿಯ ಹೆಸರು ಕಾಣಬಾರದು, ಹೊಳಪು ಕಾಣಬಾರದು. ಹೊಡೆದು ನೋಡಬೇಕು. ಸರಿಯಾಗಿ ಕೂತ ಏಟಿಗೆ ಅಂಗೈಯೊಳಗೆ ಒಂದು ಮೆತ್ತನೆಯ ಸುದ್ದಿ ಬರುತ್ತದೆ. ಅದಕ್ಕೆ ನಾವು ಕೋಲು ಮಾತಾಡಿತು ಎನ್ನುತ್ತೇವೆ. ಇಲ್ಲವಾದರೆ ಮೊಣಕೈವರೆಗೆ ಜುಮ್ಮೆನ್ನುತ್ತದೆ. ಅದಕ್ಕೆ ಕೋಲು ಬೊಗಳಿತು ಎನ್ನುತ್ತೇವೆ. ಮಾತಾಡಿದ್ದನ್ನು ಕೊಳ್ಳಿ, ಬೊಗಳಿದ್ದನ್ನು ಕಟ್ಟಿಹಾಕಿ. ನಮ್ಮ ವ್ಯಾಪಾರ ಇಷ್ಟೇ.

ಎರಡನೆಯ ಕಟ್ಟಳೆ ಒಂದು ಪದದ್ದು. ಅಂಗಡಿಯೊಳಗೆ ಯಾರೂ "ಚೆನ್ನಾಗಿದೆ" ಎನ್ನಕೂಡದು. "ಸರಿಯಾಗಿದೆ" ಎನ್ನಬೇಕು. "ಚೆನ್ನಾಗಿದೆ ಅನ್ನೋದು ಕಣ್ಣಿನ ಮಾತು, ಸರಿಯಾಗಿದೆ ಅನ್ನೋದು ಕೈಯ ಮಾತು. ನಾವು ಮಾರೋದು ಕೈಗೆ" ಎಂದು ಮಾವನವರ ವಾದ. ಬಾಯ್ತಪ್ಪಿ ಆ ಪದ ಆಡಿದವರು ಅಂಗಡಿ ಗುಡಿಸಬೇಕಿತ್ತು. ನಾನು ಒಮ್ಮೆಯೂ ಗುಡಿಸಲಿಲ್ಲ.

ಮೂರನೆಯ ಸಾಲಿನಲ್ಲಿ ಹಲ್ಲಿನ ಡಾಕ್ಟರು ಕೂತಿದ್ದಾರೆ. ಮುಖ ಮುಚ್ಚಿಕೊಳ್ಳಬೇಡಿ ಡಾಕ್ಟರೇ, ಹೇಳಿಯೇ ಹೇಳುತ್ತೇನೆ. ಅವರು ಎಲ್ಲಿಂದಲೋ ಚಿನ್ನದ ಬಣ್ಣದ ಕೋಲು ತಂದರು. ಹೊಡೆದ ಚೆಂಡೆಲ್ಲ ಪೊದೆಗೆ. ನೆಲ ಸರಿಯಿಲ್ಲ, ಗಾಳಿ ಸರಿಯಿಲ್ಲ ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕೊನೆಗೆ ನನ್ನ ಅಂಗಡಿಗೆ ಬಂದು ಮುಸುಕಿನಲ್ಲಿ ಒಂದನ್ನು ಆರಿಸಿದರು. ಮುಸುಕು ತೆಗೆದರೆ, ಅವರೇ ಹಿಂದಿನ ವರ್ಷ ಹಳತಾಯಿತೆಂದು ನನಗೆ ಕೊಟ್ಟುಹೋದ ಕೋಲು!

"ಡಾಕ್ಟರೇ, ಹಲ್ಲು ಹೊಳೆಯೋದು ಮುಖ್ಯವೋ, ಅಗಿಯೋದು ಮುಖ್ಯವೋ?" ಎಂದೆ.

"ನನ್ನ ಹತ್ರ ಬರೋರಿಗೆ ಹೊಳೆಯೋದೇ ಮುಖ್ಯ ಅಮ್ಮಾ, ಅದರಿಂದ್ಲೇ ನಾನು ಅಗಿಯೋದು" ಎಂದರು.

ಮಾತಿನಲ್ಲಿ ಅವರನ್ನು ಗೆಲ್ಲುವುದು ಕಷ್ಟ. ಮೈದಾನದಲ್ಲಿ ಸುಲಭ.

ನನ್ನನ್ನು ಈ ಮನೆಗೆ ತಂದದ್ದೂ ಹೀಗೆಯೇ. ಹೆಣ್ಣು ನೋಡಲು ಬಂದ ಮಾವನವರು ಹಾಡು ಬರುತ್ತದೆಯೇ ಎಂದು ಕೇಳಲಿಲ್ಲ. ಜೊತೆಗೆ ತಂದಿದ್ದ ಒಂದು ಕೋಲನ್ನು ಕೊಟ್ಟು, "ಹಿಡಿ ನೋಡೋಣ ಮಗೂ" ಎಂದರು. ಹಿಡಿದೆ. ಎಳೆದು ನೋಡಿದರು, ನಾನು ಬಿಡಲಿಲ್ಲ. "ಹಿಡಿತ ಸರಿಯಾಗಿದೆ" ಎಂದರು. ಮದುವೆ ನಿಶ್ಚಯವಾಯಿತು. ಬಣ್ಣ ನೋಡಿ ಒಪ್ಪಿದ ಮದುವೆ ನನ್ನದಲ್ಲ, ಬಲ ನೋಡಿ ಒಪ್ಪಿದ್ದು. ಇದಕ್ಕಿಂತ ಹೆಮ್ಮೆ ಬೇರೆ ಏನು ಬೇಕು?

ನಾನು ಕಪ್ಪಗಿದ್ದೆ. ಈಗಲೂ ಇದ್ದೇನೆ, ಕೂದಲು ಮಾತ್ರ ಪಕ್ಷ ಬದಲಾಯಿಸಿದೆ. ನಾದಿನಿ ನನಗೆ ಮಸಿಮೂತಿ ಎಂದು ಹೆಸರಿಟ್ಟಳು. ನಾನು ಅವಳಿಗೆ ಸುಣ್ಣದ ಗೋಡೆ ಎಂದು ಹೆಸರಿಟ್ಟೆ. ಅಲ್ಲಿಗೆ ಚುಕ್ತಾ. ಮದುವೆಯ ದಿನ ಹೊಸ ಬಟ್ಟೆ ಉಟ್ಟು, ತಲೆ ಬಾಚಿ, ನಮ್ಮ ಯಜಮಾನರ ಎದುರಿಗೆ ನಿಂತೆ. ಅವರು ಬಹಳ ಹೊತ್ತು ನೋಡಿದರು. ಅಂಗಡಿಯಲ್ಲಿ ಬೆಳೆದವರಲ್ಲವೇ? "ಸರಿಯಾಗಿದ್ದೀಯ" ಎಂದರು.

ಸರಿಯಾಗಿದ್ದೀಯ! ತೂಕ ನೋಡಿದ ಹಾಗೆ. ನಾನೇನೂ ಬೇಸರ ಮಾಡಿಕೊಳ್ಳಲಿಲ್ಲ. ಅದು ನಮ್ಮ ಮನೆಯ ದೊಡ್ಡ ಪ್ರಶಸ್ತಿ. ಆದರೆ ಆ ಬಟ್ಟೆಯನ್ನು ಮತ್ತೆ ಉಡಲಿಲ್ಲ. ಕೆಲಸಕ್ಕೆ ಒದಗುವ ಬಟ್ಟೆಯಲ್ಲ ಅದು. ಇರಲಿ, ವಿಷಯಕ್ಕೆ ಬರುತ್ತೇನೆ.

ಕಪ್ಪು ಪಟರ್ ಮಾಡಿದವರು ನಮ್ಮ ಯಜಮಾನರೇ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಉಕ್ಕನ್ನು ಅರದಿಂದ ಉಜ್ಜಿ ಉಜ್ಜಿ ತಲೆ ಮಾಡಿದರು. ಬೆಳ್ಳಿಯ ಹಾಗೆ ಬಂದಿತ್ತು. ಆಮೇಲೆ ಅದನ್ನು ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿ ಕಪ್ಪು ಮಾಡಿಬಿಟ್ಟರು. ಹೊಗೆ ಅಂಗಡಿಯೆಲ್ಲ ತುಂಬಿತು. ಬಟ್ಟೆಯಿಂದ ಒರೆಸುತ್ತ ನನ್ನ ಬಳಿ ಬಂದರು. ಮಾವನವರು ಅಲ್ಲೇ ಬಾಗಿಲಲ್ಲಿ ಕೂತಿದ್ದಾರೆ. ಇವರು ಬಗ್ಗಿ, ನನ್ನ ಕಿವಿಯ ಹತ್ತಿರ, "ನೋಡು, ಚೆನ್ನಾಗಿದೆ ಅಲ್ವಾ? ನೋಡ್ತಾನೇ ಇರಬೇಕು ಅನ್ಸುತ್ತೆ" ಎಂದರು.

ಮಾವನವರಿಗೆ ಕೇಳಿಸಿದರೆ ಗತಿ? "ಮೊದ್ಲು ಚೆಂಡು ಉರುಳುತ್ತಾ ನೋಡ್ರೀ. ಮೂತಿಗೆ ಮಸಿ ಬಳಿದಂಗಿದೆ" ಎಂದೆ.

"ಅದಕ್ಕೇ" ಎಂದರು. ನಕ್ಕರು.

ಅದಕ್ಕೇ ಎಂದರೆ ಏನು? ನಾನು ಕೇಳಲಿಲ್ಲ. ಅಷ್ಟರಲ್ಲಿ ಗಿರಾಕಿ ಬಂದ. ಆ ಕೋಲನ್ನು ಅವರು ಯಾರಿಗೂ ಮಾರಲಿಲ್ಲ. ನಾನು ಕೂರುವ ಕುರ್ಚಿಯ ಹಿಂದಿನ ಮೊಳೆಗೆ ನೇತುಹಾಕಿದರು. ಧೂಳು ಕೂರದಿರಲಿ ಎಂದು ನಾನು ಅದಕ್ಕೊಂದು ಮುಸುಕು ಹೊಲಿದು ಹಾಕಿದೆ. ಅವರು ತೀರಿಹೋದ ಮೇಲೂ ಮುಸುಕು ತೆಗೆಯಲಿಲ್ಲ.

ಈಗ ಜಗಳಕ್ಕೆ ಬರೋಣ. ಹೊಸ ಸೆಟ್ಟು ಬಂದ ದಿನ ಪ್ರತಿಯೊಂದು ಕೋಲನ್ನೂ ನಾನೇ ಪರೀಕ್ಷಿಸಿದೆ. ಜವಳಿ ಅಂಗಡಿಯ ಯಜಮಾನರೇ, ನಿಶ್ಚಿಂತೆಯಿಂದಿರಿ. ನಿಮ್ಮ ಉದ್ದನೆಯ ಕೋಲುಗಳು ಮಾತಾಡುತ್ತವೆ, ನಡುವಿನವೂ ಮಾತಾಡುತ್ತವೆ. ನಿಮ್ಮ ಅಂಗಡಿಯ ದೀಪದ ಕೆಳಗೆ ನೋಡಿ ತಂದ ಬಟ್ಟೆಯ ಬಣ್ಣ ಮನೆಯಲ್ಲಿ ಬೇರೆ ಕಾಣುವುದುಂಟು, ಕೋಲಿನಲ್ಲಿ ನೀವು ಹಾಗೆ ಮಾಡಿಲ್ಲ. ತಕರಾರು ಗಿಡ್ಡನೆಯದರದ್ದು. ಅದಕ್ಕೂ ಕಪ್ಪು ಕೋಲಿಗೂ ಮುಸುಕು ಹಾಕಿ ಮೊಮ್ಮಗಳ ಕೈಗೆ ಕೊಟ್ಟೆ. ಕಪ್ಪು ಕೋಲಿನ ಚೆಂಡುಗಳು ಬಿಲಕ್ಕೆ ಇಲಿ ಹೋದ ಹಾಗೆ ಗುಳಿಗೆ ಹೋದವು.

"ಕಂಡ್ಯಾ?" ಎಂದೆ.

"ಅಜ್ಜಿ, ಅಲ್ಲಿ ಮುಸುಕು ಹಾಕ್ಕೊಂಡು ಆಡೋಕಾಗಲ್ಲ. ಎಲ್ಲರ ಕಣ್ಣೂ ನನ್ನ ಕೈ ಮೇಲೇ ಇರುತ್ತೆ" ಎಂದಳು.

ಮುಸುಕು ತೆಗೆದುಕೊಟ್ಟೆ. ಅಷ್ಟರಲ್ಲಿ ಅವಳ ಜೊತೆಯ ಹುಡುಗಿಯರು ಬಂದರು. ಅವರಲ್ಲೊಬ್ಬಳು ನೋಡಿ, "ಅಯ್ಯೋ, ಇದೇನೇ ಮಸಿಮೂತಿ!" ಎಂದಳು. ಎಲ್ಲರೂ ನಕ್ಕರು. ಹೆಸರು ನನಗೆ ಹೊಸದಲ್ಲ. ನನ್ನ ಮೊಮ್ಮಗಳು ಹೊಡೆದಳು, ಚೆಂಡು ಪಕ್ಕಕ್ಕೆ ಹೋಯಿತು. ಇನ್ನೊಂದು ಹೊಡೆದಳು, ಅದೂ ಪಕ್ಕಕ್ಕೆ. ಅದೇ ಕೋಲು, ಅದೇ ಕೈ! ಮುಸುಕಿನಲ್ಲಿ ಗೆದ್ದದ್ದು ಬೆಳಕಿಗೆ ಬಂದು ಸೋತಿತು.

ನಾನು ಗದರಿದೆ. "ನಗುವವರ ಹಲ್ಲು ಕಾಣತ್ತೆ, ನಿಂಗೆ ಗುಳಿ ಕಾಣಲ್ವಾ? ತಾತನ ಕೋಲು ಹಿಡಿಯೋಕೆ ನಾಚಿಕೆಯಾಗೋದಾದ್ರೆ ಆ ಕನ್ನಡೀನೇ ತಗೊಂಡು ಹೋಗು, ತಲೆ ಬಾಚ್ಕೋಬಹುದು" ಎಂದೆ. ಅವಳು ಕೋಲನ್ನು ನನ್ನ ಮುಂದೆ ಇಟ್ಟು ಹೊರಟುಹೋದಳು. ಮನೆಯಲ್ಲಿ ಮಾತು ಬಿಟ್ಟಳು. ಉಪ್ಪು ಬೇಕಾದರೂ ಅವಳಮ್ಮನ ಮೂಲಕ ಕೇಳಿದಳು. ನಾನೂ ಅದೇ ದಾರಿಯಲ್ಲಿ ಕಳಿಸಿದೆ. ಹಟ ಅವಳಿಗೆ ಎಲ್ಲಿಂದ ಬಂತೋ ತಿಳಿಯದು.

ಹೀಗಿರುವಾಗ ಒಂದು ನಡುಹಗಲು, ಅಂಗಡಿಯ ಕಿಟಕಿಯಿಂದ ನೋಡುತ್ತೇನೆ, ಅವಳೊಬ್ಬಳೇ ಮಿನುಗುವ ಕೋಲು ಹಿಡಿದು ಅಭ್ಯಾಸ ಮಾಡುತ್ತಿದ್ದಾಳೆ. ಹೊಡೆಯುತ್ತಾಳೆ, ಕಣ್ಣು ಉಜ್ಜಿಕೊಳ್ಳುತ್ತಾಳೆ. ಅಳುತ್ತಿದ್ದಾಳೆಯೇ ಎಂದು ಎದ್ದೇಬಿಟ್ಟೆ. ಅಷ್ಟರಲ್ಲಿ ಅವಳೇ ಬಂದಳು.

"ಅಜ್ಜಿ, ತಾತ ಆ ಕೋಲನ್ನ ಯಾಕೆ ಕಪ್ಪು ಮಾಡಿದ್ರು?"

"ಯಾಕಂದ್ರೆ? ತುಕ್ಕು ಹಿಡೀಬಾರದು ಅಂತ ಇರಬೇಕು."

"ಅಲ್ಲ. ಹೊರಗೆ ಬಾ."

ಕಪ್ಪು ಕೋಲನ್ನೂ ಎತ್ತಿಕೊಂಡು, ನನ್ನನ್ನು ಕೈಹಿಡಿದು ಹುಲ್ಲಿನ ಮೇಲೆ ನಿಲ್ಲಿಸಿದಳು. ಮೊದಲು ಹೊಸದನ್ನು ಕೊಟ್ಟು, "ಬಗ್ಗಿ ನೋಡು" ಎಂದಳು. ನೋಡಿದೆ. ಸೂರ್ಯ ಆ ಹೊಳಪಿನೊಳಗೆ ಇಳಿದು ಸೂಜಿಯ ಹಾಗೆ ಕಣ್ಣಿಗೆ ಚುಚ್ಚಿದ. ಚೆಂಡೂ ಕಾಣಲಿಲ್ಲ, ಕಾಲೂ ಕಾಣಲಿಲ್ಲ. ಆಮೇಲೆ ಕಪ್ಪನ್ನು ಕೊಟ್ಟಳು. ಬಗ್ಗಿ ನೋಡಿದೆ. ಹಸಿರು ಹುಲ್ಲು, ಬಿಳಿ ಚೆಂಡು, ಅದರ ಹಿಂದೆ ನೆರಳಿನ ಹಾಗೆ ತಣ್ಣಗೆ ಕೂತ ಆ ಮೂತಿ. ಎಷ್ಟು ಹೊತ್ತು ನೋಡಿದರೂ ಕಣ್ಣು ದಣಿಯುವುದಿಲ್ಲ.

"ಇದನ್ನ ನೋಡ್ತಾನೇ ಇರಬೇಕು ಅನ್ಸುತ್ತೆ ಅಲ್ವಾ ಅಜ್ಜಿ?" ಎಂದಳು.

ಆ ಮಾತನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳು ಹುಟ್ಟುವ ಮೊದಲೇ ಅವಳ ತಾತ ಹೋಗಿದ್ದರು. ಅದಕ್ಕೇ ಎಂದಿದ್ದರಲ್ಲ, ಅದಕ್ಕೇ! ಬೆಳ್ಳಿಯ ಹಾಗಿದ್ದುದನ್ನು ಕೈಯಾರೆ ಕಪ್ಪು ಮಾಡಿ, ಅಪ್ಪನ ಕಟ್ಟಳೆ ಮೀರಿ, ಕಪ್ಪಗಿದ್ದ ನನ್ನ ಕಿವಿಯಲ್ಲೇ ಹೇಳಿದ್ದರಲ್ಲ...

ನನ್ನ ಕಣ್ಣಲ್ಲಿ ನೀರು ಬಂತು. ಬಿಸಿಲಿಗೆ. ನಡುಹಗಲ ಬಿಸಿಲು ಹೇಗಿರುತ್ತದೆ ಎಂದು ಆಡುವವರಿಗೆ ಗೊತ್ತು.

ಕಾರ್ಯದರ್ಶಿಗಳ ಚೀಟಿ ಬಂದಿದೆ. ಓದಲಾಗುತ್ತಿಲ್ಲ, ಮುಂದುವರಿಸಿ ಎಂದಿರಬೇಕು.

ಸಭಿಕರೇ, ಅಂದ ಬೇಕೋ ಕೆಲಸ ಬೇಕೋ ಎಂದು ಗಿರಾಕಿಗಳು ನನ್ನನ್ನು ಕೇಳುತ್ತಲೇ ಬಂದಿದ್ದಾರೆ. ಕೆಲಸ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಈಗಲೂ ಅದನ್ನೇ ಹೇಳುತ್ತೇನೆ, ಕಣ್ಣು ತೆರೆದು. ಬಗ್ಗಿ ನೋಡುವುದೂ ಕೆಲಸವೇ. ಕೊಳ್ಳುವಾಗ ಕಣ್ಣು ಸೆಳೆಯುವ ಅಂದ ಅಂಗಡಿಯದು. ಆಡುವಾಗ ಕಣ್ಣು ತಣಿಸುವ ಅಂದ ಆಟದ್ದು. ಮೊದಲನೆಯದನ್ನು ನನ್ನ ಅಂಗಡಿಯಲ್ಲಿ ಇವತ್ತಿಗೂ ಇಡುವುದಿಲ್ಲ.

ಯಾವುದನ್ನು ಒಯ್ಯುತ್ತೀ ಎಂದು ಅವಳನ್ನು ಆಮೇಲೆ ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಕೋಲಿನ ಗುಣ ತಿಳಿಯುವುದು ಒಂದು, ನಗುವವರ ನಡುವೆ ಅದನ್ನು ಹಿಡಿದು ನಿಲ್ಲುವುದು ಇನ್ನೊಂದು. ಅಲ್ಲಿ ನಿಲ್ಲಬೇಕಾದವಳು ಅವಳು, ನಾನಲ್ಲ. ಈ ಮೇಜಿನ ಮೇಲೆ ಎರಡೂ ಇವೆ. ಎರಡಕ್ಕೂ ಮುಸುಕಿಲ್ಲ. ಅವಳ ಗೆಳತಿಯರೆಲ್ಲ ಮುಂದಿನ ಸಾಲಿನಲ್ಲೇ ಇದ್ದಾರೆ. ಬಾ ಮಗೂ, ಮೇಲೆ ಬಾ. ಎಲ್ಲರೆದುರು ನೀನೇ ಆರಿಸು. ಕನ್ನಡಿಯನ್ನು ಎತ್ತಿದರೆ ಅಜ್ಜಿಗೆ ಸಿಟ್ಟಿಲ್ಲ. ಸ್ವಲ್ಪ ಇದೆ, ಇಳಿಯುತ್ತದೆ.

ಮೆಟ್ಟಿಲು ನೋಡಿಕೊಂಡು ಬಾ.

ಹಾಂ.

ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿ. ಇನ್ನೂ ಮೇಲೆ. ನೋಡಿ ಸಭಿಕರೇ, ಕಣ್ಣುತುಂಬ ನೋಡಿ, ಇದೇ ಮಸಿಮೂತಿ. ಯಜಮಾನರೇ, ನಿಮ್ಮ ಗಿಡ್ಡ ಕೋಲನ್ನು ನನ್ನ ಕುರ್ಚಿಯ ಹಿಂದಿನ ಮೊಳೆಗೆ ಹಾಕಿ ಜೋಪಾನ ಮಾಡುತ್ತೇನೆ. ಮಿಕ್ಕಿದ್ದೆಲ್ಲ ಅವಳ ಚೀಲದಲ್ಲಿ ಹೋಗುತ್ತದೆ, ನಿಮ್ಮ ಹೆಸರನ್ನೂ ಹೊತ್ತುಕೊಂಡು ಹೋಗುತ್ತದೆ.

ಇಲ್ಲಿ ತಿರುಗು ಮಗೂ. ಭುಜ ನೆಟ್ಟಗೆ. ಹಿಡಿತ ಸರಿಯಾಗಿದೆ. ನಿಲುವು ಸರಿಯಾಗಿದೆ.

ಇದು ಅಂಗಡಿಯಲ್ಲ, ಕ್ಲಬ್ಬು. ಇಲ್ಲಿ ಮಾವನವರ ಕಟ್ಟಳೆ ನಡೆಯುವುದಿಲ್ಲ. ನಡೆದರೂ ನಡೆಯಲಿ, ನಾಳೆ ಬೆಳಿಗ್ಗೆ ಅಂಗಡಿ ಗುಡಿಸುತ್ತೇನೆ. ಚೆನ್ನಾಗಿದ್ದೀಯ, ಮಗಳೇ. ತುಂಬ ಚೆನ್ನಾಗಿದ್ದೀಯ. ಹೋಗಿ ಬಾ.

ಫೋಟೋದವರೇ, ಈಗ ತೆಗೆದುಕೊಳ್ಳಿ. ಇಷ್ಟು ಹೊತ್ತು ಕಾಫಿ ಮರೆತು ಕೂತ ನಿಮಗೆಲ್ಲ ನನ್ನ ಧನ್ಯವಾದ. ನಮಸ್ಕಾರ.