ಗಾಲಿ ಕೆಳಗಿನ ನಿಂಬಿಹಣ್ಣು

ಮಗಳಿಗೆ ಹೆರಿಗೆ ನೋವು ಶುರುವಾಗಿತ್ತು. ಸಿಂಧನೂರಿನ ಡಾಕ್ಟರಮ್ಮ ಊರಲ್ಲಿರಲಿಲ್ಲ, ಬಸ್ಸೂ ಹೋಗಿಬಿಟ್ಟಿತ್ತು. ಪೀರಮ್ಮ ಮಗಳನ್ನು ಲಿಂಗಸುಗೂರಿನ ದವಾಖಾನೆಗೆ ಒಯ್ಯಲು ಯಂಕೋಬನ ಬಾಡಿಗೆ ಅಂಬಾಸಿಡರ್ ಹತ್ತಿಸಿ, ತಾನೂ ಪಕ್ಕದಲ್ಲಿ ಕೂತಳು. ಕಾರು ಮಾತ್ರ ಗ್ಯಾರೇಜಿನ ಮುಂದಿನಿಂದ ಅಲುಗಲಿಲ್ಲ. ಹೊರಗೆ ಯಂಕೋಬನಿಗೂ ಮೇಸ್ತ್ರಿ ಗ್ಯಾನಪ್ಪನಿಗೂ ಜಗಳ ಹತ್ತಿತ್ತು.

“ಮೊನ್ನೆ ಮಸ್ಕಿ ಹತ್ರ ಬ್ರೇಕ್ ಹಿಡೀಲಿಲ್ಲ. ಕಾಲುವ್ಯಾಗ ಬೀಳ್ತಿದ್ದೆ. ತಪ್ಪು ನಿಂದು.”

“ಬ್ರೇಕಿಗೆ ಹಳೇ ವಾಷರ್ ನೀವ ತಂದು ಕೊಟ್ರಿ. ಹೊಸಾದು ತರ್ರಿ ಅಂದಿದ್ದೆ.”

“ಹಾಕಿದ ಕೈ ಯಾರ್ದು?”

“ನಂದ. ಇವತ್ತೂ ಅದನ್ನ ಹಾಕೀನಿ, ನೀವು ಹಟ ಹಿಡಿದ್ರಿ ಅಂತ.”

ಪೀರಮ್ಮ ಮಗಳ ಮುಂಗೈ ಗಟ್ಟಿಯಾಗಿ ಹಿಡಿದಳು.

“ಇರ್ಲಿ, ಗಾಲಿ ಕೆಳಗ ನಿಂಬಿಹಣ್ಣು ಇಡು. ರಿಪೇರಿ ಮಾಡಿದವ್ನ ಇಡಬೇಕು,” ಎಂದ ಯಂಕೋಬ.

“ನಾ ಇಡಂಗಿಲ್ರಿ. ಇಟ್ರ ಗಾಡಿ ಚಲೋ ಐತಿ ಅಂತ ಮಾತು ಕೊಟ್ಟಂಗ. ಏನರ ಆದ್ರ ನನ್ನ ಕುತ್ಗಿಗೆ ಬರ್ತೈತಿ.”

“ನಾ ಇಟ್ರ ನನ್ನ ಕುತ್ಗಿಗೆ ಬರಂಗಿಲ್ಲೇನು?”

ಇಳಿದುಬಿಡೋಣವೆಂದು ಪೀರಮ್ಮ ಬಾಗಿಲು ತಡವಿದಳು. ಒಳಗಡೆ ಹಿಡಿಕೆಯೇ ಇರಲಿಲ್ಲ. ಅಷ್ಟರಲ್ಲಿ ಯಂಕೋಬನೇ ಹೊರಗಿನಿಂದ ಬಾಗಿಲು ತೆಗೆದು ನಿಂಬಿಹಣ್ಣು ಚಾಚಿದ.

“ದೊಡ್ಡವ್ವ, ಮುತ್ತೈದಿ ಅದಿ. ನಿನ್ನ ಕೈಲೆ ಇಟ್ಟುಬಿಡು.”

ಗ್ಯಾನಪ್ಪ ಆಗಲೇ ಬೆನ್ನು ತಿರುಗಿಸಿ ಗ್ಯಾರೇಜಿನೊಳಗೆ ನಡೆದಿದ್ದ.

“ಯವ್ವಾ, ಜಲ್ದಿ,” ಎಂದು ಮಗಳು ಹಲ್ಲು ಕಚ್ಚಿದಳು.

ಪೀರಮ್ಮ ಇಳಿದು ಗಾಲಿ ಕೆಳಗೆ ಹಣ್ಣು ಇಟ್ಟು, ಮತ್ತೆ ಹತ್ತಿದಳು. ಕಾರು ಅದನ್ನು ಹಿಚುಕಿಕೊಂಡು, ಅವಳನ್ನೂ ಮಗಳನ್ನೂ ಹೊತ್ತು, ಮಸ್ಕಿ ದಾರಿ ಹಿಡಿಯಿತು.