ತೂಕಡಿಸುವವರ ಪರವಾಗಿ

ಅಧ್ಯಕ್ಷ ಪೀಠದಲ್ಲಿರುವ ನಿವೃತ್ತ ಅಮಲ್ದಾರ್ ನಂಜುಂಡಯ್ಯನವರೇ, ಕಾರ್ಯದರ್ಶಿಗಳಾದ ಲಕ್ಷ್ಮೀನರಸಿಂಹಯ್ಯನವರೇ, ನಮ್ಮ ಮೊಹಲ್ಲಾದ ಮಹನೀಯರೇ, ಕುರ್ಚಿ ಸಾಲದೆ ಬಾಗಿಲ ಬಳಿ ನಿಂತಿರುವ ಸಭಿಕರೇ,

ವಾಚನಾಲಯದ ಈ ವಾರ್ಷಿಕೋತ್ಸವದಲ್ಲಿ ಮಾತನಾಡಬೇಕೆಂದು ಕಾರ್ಯದರ್ಶಿಗಳು ಮನೆಗೇ ಬಂದು ಕರೆದರು. ವಿಷಯವನ್ನೂ ಅವರೇ ಕೊಟ್ಟರು. "ಆರೋಗ್ಯಸ್ವಾಮಿ ಮೇಷ್ಟ್ರೇ, ಗೋಡೆಗೆ ಹೊಸ ಬೋರ್ಡು ಹಾಕ್ಸಿದ್ದೀವಲ್ಲ, 'ನೋ ಡೋಜಿಂಗ್' ಅಂತ. ಹಂಗಂದ್ರೇನು ಅಂತ ದಿನಾ ಒಬ್ಬರಲ್ಲ ಒಬ್ಬರು ಕೇಳ್ತಾರೆ. ಸಭೇಲಿ ನೀವೇ ಅರ್ಥ ಬಿಡಿಸಿ ಹೇಳ್ಬುಡಿ," ಎಂದರು.

ಬೋರ್ಡು ಏಕೆ ಬಂತೆಂಬುದು ನಿಮಗೆ ಗೊತ್ತಿದೆ. ಹೋದ ತಿಂಗಳು ಬೆಂಗಳೂರಿನಿಂದ ಬಂದ ಅತಿಥಿಯೊಬ್ಬರು ಮಧ್ಯಾಹ್ನ ವಾಚನಾಲಯ ನೋಡಲು ಬಂದರು. ದೊಡ್ಡ ಮೇಜಿನ ಸುತ್ತ ಮೂವರಿದ್ದರು. ಮೂವರೂ ತೂಕಡಿಸುತ್ತಿದ್ದರು. ಅತಿಥಿಗಳು ನಕ್ಕರು. ನಮ್ಮ ಸಮಿತಿಯವರು ನಗಲಿಲ್ಲ. ಆದ್ದರಿಂದ ಬೋರ್ಡು ಬಂತು. ನನ್ನ ಮಾತು ಮುಗಿದ ಮೇಲೆ ಒಂದು ನಿರ್ಣಯವೂ ಬರಲಿದೆ: ಇನ್ನು ಮುಂದೆ ಮಧ್ಯಾಹ್ನ ಊಟದ ಹೊತ್ತಿನಿಂದ ಸಂಜೆಯವರೆಗೆ ವಾಚನಾಲಯವನ್ನು ಮುಚ್ಚುವುದು.

ಆ ಮೂವರಲ್ಲಿ ನಡುವೆ ಕುಳಿತಿದ್ದವನು ನಾನು. ಇದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು.

ಈಗ ಅರ್ಥಕ್ಕೆ ಬರೋಣ. ಇಂಗ್ಲಿಷರಲ್ಲಿ ನಿದ್ದೆಗೆ ಬಹಳ ಮಾತುಗಳಿವೆ. ಸ್ಲೀಪ್ ಎಂದರೆ ಚಾಪೆ ಹಾಸಿ, ದೀಪ ಆರಿಸಿ ಮಾಡುವ ನಿದ್ದೆ. ನ್ಯಾಪ್ ಎಂದರೆ ಊಟವಾದ ಮೇಲೆ ಮುಖದ ಮೇಲೆ ವಸ್ತ್ರ ಎಳೆದುಕೊಂಡು ಮಾಡುವ ಚಿಕ್ಕ ನಿದ್ದೆ. ಸ್ಲಂಬರ್ ಪದ್ಯಗಳಲ್ಲಿ ಬರುತ್ತದೆ. ನಮ್ಮ ಕಡೆ ದೇವರು ಪವಡಿಸಿದ ಎನ್ನುವುದಿಲ್ಲವೇ, ಹಾಗೆ. ಇವೆಲ್ಲ ನಿದ್ದೆ ಮಾಡಬೇಕೆಂದೇ ಮಾಡುವ ನಿದ್ದೆಗಳು. ಡೋಜ್ ಹಾಗಲ್ಲ. ಡೋಜ್ ಎಂದರೆ ತೂಕಡಿಕೆ, ಜೋಂಪು, ಮಂಪರು. ಅದನ್ನು ಯಾರೂ ಮಾಡುವುದಿಲ್ಲ, ಅದು ಆಗುತ್ತದೆ. ಆದದ್ದು ಆದವನಿಗೆ ತಿಳಿಯುವುದೂ ಇಲ್ಲ. ಹಾಗಾದರೆ ತಿಳಿಯುವುದು ಯಾರಿಗೆ? ಎದುರಿಗೆ ಕುಳಿತವರಿಗೆ.

ಮೂವತ್ತು ವರ್ಷ ಈ ಪದವನ್ನು ಹುಡುಗರಿಗೆ ಹೇಳಿಕೊಟ್ಟೆ. ಎದುರಿಗೆ ಕುಳಿತವರ ವಿಷಯ ನನಗೆ ಹೊಳೆದದ್ದು ಮಾತ್ರ ಕೆಲಸ ಬಿಟ್ಟ ಮೇಲೆ.

ನನ್ನ ಹೆಂಡತಿ ಪೌಲಿನ್ ನಿಮ್ಮಲ್ಲಿ ಹಲವರಿಗೆ ಗೊತ್ತು. ನಮಗೆ ಮಕ್ಕಳಾಗಲಿಲ್ಲ. ಊಟವಾದ ಮೇಲೆ ನಾನು ಕುರ್ಚಿಯಲ್ಲಿ ಪತ್ರಿಕೆ ಹಿಡಿದು ಕೂರುವುದು, ಅವಳು ಹೊಸ್ತಿಲ ಮೇಲೆ ಅಕ್ಕಿ ಆರಿಸುತ್ತಾ ಕೂರುವುದು.

"ತೂಕಡಿಸ್ಬುಟ್ರಿ ಕಣ್ರೀ," ಎನ್ನುವಳು.

"ಇಲ್ಲ ಕಣೇ, ಯೋಚನೆ ಮಾಡ್ತಿದ್ದೆ."

"ಗೊರಕೆ ಹೊಡ್ಕೊಂಡು ಯೋಚನೆ ಮಾಡೋರನ್ನ ನಾನೆಲ್ಲೂ ಕಂಡಿಲ್ಲ, ಬುಡಿ."

ಎಷ್ಟು ವರ್ಷ ಇದೇ ಮಾತು! ಒಂದು ದಿನವೂ ನಾನು ಒಪ್ಪಿಕೊಳ್ಳಲಿಲ್ಲ, ಒಂದು ದಿನವೂ ಅವಳು ಬಿಡಲಿಲ್ಲ. ಚರ್ಚಿನಲ್ಲಿ ಗಂಡಸರ ಸಾಲು ಬೇರೆ, ಹೆಂಗಸರ ಸಾಲು ಬೇರೆ. ಪ್ರಸಂಗದ ಹೊತ್ತಿಗೆ ನನ್ನ ತಲೆ ವಾಲಿದರೆ ಆ ಕಡೆಯಿಂದ ಒಂದು ಕೆಮ್ಮು ಬರುತ್ತಿತ್ತು. ಸಣ್ಣ ಕೆಮ್ಮು. ಪಾದ್ರಿ ಸ್ವಾಮಿಗಳು ಒಮ್ಮೆ ಪ್ರಸಂಗ ನಿಲ್ಲಿಸಿ, "ಪೌಲಿನಮ್ಮ, ಕಷಾಯ ಕುಡಿ," ಎಂದದ್ದೂ ಉಂಟು.

ಪೌಲಿನ್ ತೀರಿಕೊಂಡ ಮೇಲೆ ಒಂದು ಮಧ್ಯಾಹ್ನ ಅದೇ ಕುರ್ಚಿಯಲ್ಲಿ ಕುಳಿತಿದ್ದೆ. ಕಣ್ಣು ಬಿಟ್ಟಾಗ ಬೀದಿಯಲ್ಲಿ ದೀಪ ಹತ್ತಿತ್ತು. ಪತ್ರಿಕೆ ತೊಡೆಯ ಮೇಲೆಯೇ ಇತ್ತು. "ಇಲ್ಲ ಕಣೇ, ಯೋಚನೆ ಮಾಡ್ತಿದ್ದೆ," ಎಂದೆ. ಯಾರೂ ಏನೂ ಕೇಳಿರಲಿಲ್ಲ.

ಮಾರನೆಯ ದಿನದಿಂದ ಮಧ್ಯಾಹ್ನ ಇಲ್ಲಿಗೆ ಬರುತ್ತಿದ್ದೇನೆ. ಪತ್ರಿಕೆ ಓದಲು ಎಂದು ಹೇಳುತ್ತೇನೆ. ಆದರೆ ಪತ್ರಿಕೆಯನ್ನು ಬೆಳಿಗ್ಗೆಯೇ ಮನೆಯಲ್ಲಿ ಓದಿರುತ್ತೇನೆ. ನಮ್ಮ ಜವಾನ ಚಾಮಯ್ಯ ಮೇಟಗಳ್ಳಿಯಿಂದ ನಡೆದು ಬಂದು ಬಾಗಿಲು ತೆಗೆಯುತ್ತಾನೆ. ನನ್ನ ಕೈಯಿಂದ ಪತ್ರಿಕೆ ಜಾರಿತೋ, ಮೇಜನ್ನು ಬೆರಳಿನಿಂದ ಕುಟ್ಟುತ್ತಾನೆ.

"ಏನ್ ಮೇಷ್ಟ್ರೇ, ನೀವು ಪೇಪರ್ ಓದ್ತಾ ಇದ್ದೀರೋ, ಪೇಪರ್ರೇ ನಿಮ್ಮನ್ನ ಓದ್ತಾ ಐತೋ?"

"ಇಲ್ಲ ಕಣೋ, ಯೋಚನೆ ಮಾಡ್ತಿದ್ದೆ," ಎನ್ನುತ್ತೇನೆ.

"ಊಂ, ಮಾಡಿ ಮಾಡಿ," ಎಂದು ಪತ್ರಿಕೆ ಎತ್ತಿಕೊಡುತ್ತಾನೆ.

ಮಹನೀಯರೇ, ದಿನಕ್ಕೆ ಒಂದು ಸಲ ಯಾರಾದರೂ ಇಷ್ಟು ಕೇಳಿದರೆ ಸಾಕು. ಸಂಜೆ ಮನೆಯ ಬೀಗ ತೆಗೆಯುವುದು ಕಷ್ಟವಾಗುವುದಿಲ್ಲ. ಉಳಿದ ಇಬ್ಬರ ಕಥೆ ನನಗೆ ಗೊತ್ತಿಲ್ಲ. ನಾನು ಕೇಳಿಲ್ಲ, ಅವರೂ ಹೇಳಿಲ್ಲ. ಮನೆಯಲ್ಲಿ ತೂಕಡಿಸಲು ಜಾಗವಿಲ್ಲದೆ ಅವರು ಇಲ್ಲಿಗೆ ಬರುತ್ತಾರೆಂದು ಮಾತ್ರ ನಾನು ನಂಬುವುದಿಲ್ಲ.

ಬೋರ್ಡು ತೆಗೆಯಿರಿ ಎಂದು ನಾನು ಕೇಳುತ್ತಿಲ್ಲ. ಅದು ಅಲ್ಲೇ ಇರಲಿ. ತೂಕಡಿಸಬಾರದು ಎಂಬ ನಿಯಮ ಇದ್ದರೆ ತಾನೇ ಚಾಮಯ್ಯ ಬಂದು ಎಬ್ಬಿಸುವುದು? ಬೇಕಾದರೆ ಕನ್ನಡದಲ್ಲೂ ಬರೆಸಿ, ದೊಡ್ಡ ಅಕ್ಷರದಲ್ಲಿ ಬರೆಸಿ. ಬಾಗಿಲು ಮಾತ್ರ ಮುಚ್ಚಬೇಡಿ.

ಕೊಟ್ಟ ವಿಷಯ ಬಿಟ್ಟು ಎಲ್ಲೆಲ್ಲೋ ಹೋದೆ; ಮೇಷ್ಟರ ಅಭ್ಯಾಸ, ಸೈರಿಸಿಕೊಳ್ಳಿ. ಕರೆದ ಕಾರ್ಯದರ್ಶಿಗಳಿಗೆ, ಕೇಳಿದ ನಿಮಗೆ ವಂದನೆಗಳು. ಇನ್ನು ಅಧ್ಯಕ್ಷರ ಭಾಷಣವಿದೆ, ಅದು ದೀರ್ಘವಾಗಿರುತ್ತದೆಂದು ಅವರೇ ಹೇಳಿದ್ದಾರೆ. ನಾನು ಇದೋ ಈ ಕುರ್ಚಿಯಲ್ಲಿ ಕೂರುತ್ತೇನೆ. ನನ್ನ ತಲೆ ವಾಲಿದ್ದು ಕಂಡರೆ, ದಯವಿಟ್ಟು, ನಿಮ್ಮಲ್ಲಿ ಯಾರಾದರೂ ಒಮ್ಮೆ ಕೆಮ್ಮಿ.

ನಮಸ್ಕಾರ.